ಆದಿ ಅರ್ಕಾವತಿ

ಗುಲ್ಬರ್ಗ
14 ನವೆಂಬರ್ 1983

ಪೂಜ್ಯ ಬೋರಲಿಂಗಯ್ಯ ಮೇಷ್ಟ್ರಿಗೆ,

ಫಿರೋಜಾಳ ನಮಸ್ಕಾರಗಳು. ನೀವು ರಿಟೈರ್ ಆಗಿ ರಾಮನಗರ ಸೇರಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತೆಂದು ಬೈಯುತ್ತೀರಿ. ಬೈಯಿರಿ. ನಿಮ್ಮಿಂದ ಬೈಸಿಕೊಳ್ಳದೆ ನನ್ನ ಥೀಸಿಸ್ ಒಂದು ಪುಟವೂ ಮುಂದೆ ಹೋದದ್ದಿಲ್ಲ.

ದಸರಾ ರಜೆಯಲ್ಲಿ ಚಿಂಚೋಳಿ ಕಡೆಯ ಮೊಗಲಗಿ ಗುಡ್ಡಕ್ಕೆ ಮತ್ತೆ ಹೋಗಿದ್ದೆ. ಅಲ್ಲಿ ಹೊಸದಾಗಿ ತೋಡಿದ ಬಾವಿಯೊಂದಿದೆ. ಇಳಿದು ನೋಡಿದರೆ ಕೆಳಗೆ ಕಪ್ಪಗೆ ಒಂದು ಲಾವಾ ಹಾಸು, ಮೇಲೆ ಇನ್ನೊಂದು. ನಡುವೆ ನನ್ನ ಪದರ. ಬೂದು ಹಸಿರು ಬಣ್ಣದ ಜೇಡಿ, ಅದರೊಳಗೆ ಬಸವನಹುಳುವಿನ ಪುಟ್ಟ ಚಿಪ್ಪುಗಳು. ಮೊದಲ ಲಾವಾ ಹರಿದು ತಣ್ಣಗಾದ ಮೇಲೆ ಅಲ್ಲಿ ನೀರು ನಿಂತಿದೆ, ಮಣ್ಣು ಕೂತಿದೆ, ಹುಳುಗಳು ಬದುಕಿವೆ. ಆಮೇಲೆ ಎರಡನೆಯ ಲಾವಾ ಬಂದು ಎಲ್ಲವನ್ನೂ ಮುಚ್ಚಿಹಾಕಿದೆ. ಆ ಮಣ್ಣು ಎಲ್ಲಿಂದ ಬಂತು ಎಂಬುದೇ ನನ್ನ ಥೀಸಿಸ್‌ನ ಪ್ರಶ್ನೆ. ಸುತ್ತಲಿನ ಲಾವಾ ಕಲ್ಲೇ ಕೊಳೆತು ಆದದ್ದೋ, ದೂರದಿಂದ ಯಾವುದೋ ನದಿ ಹೊತ್ತು ತಂದದ್ದೋ? ಅದರಲ್ಲಿ ಯಾವ ಯಾವ ಖನಿಜ ಇದೆ ಎಂದು ತಿಳಿಯದೆ ಬಾಯಿ ತೆರೆಯುವಂತಿಲ್ಲ. ನನ್ನ ಮನಸ್ಸು ಮಾತ್ರ ಅದು ನಿಂತ ನೀರಿನ ಕೊಳ ಎನ್ನುತ್ತಿದೆ.

ಎಕ್ಸ್-ರೇ ಮಾಡಿಸಲು ಮಾದರಿಯನ್ನು ನುಣ್ಣಗೆ ಪುಡಿ ಮಾಡಬೇಕು. ನಾನು ಪಾಠ ಮಾಡುವ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅಗೇಟ್ ಒರಳು ಇಲ್ಲ. ನಿಮ್ಮಲ್ಲಿ ಇದೆ. ಬೆಂಗಳೂರಿನ ಲ್ಯಾಬಿನಲ್ಲಿ ನಿಮ್ಮ ಮಾತೂ ನಡೆಯುತ್ತದೆ. ಆದ್ದರಿಂದ ಮಾದರಿಗಳನ್ನು ನನ್ನ ಅಣ್ಣ ನಜೀರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಇಳಿದು ಮನೆಗೆ ತಲುಪಿಸುತ್ತಾನೆ.

ಬರುವ ಸೆಪ್ಟೆಂಬರ್ ಒಳಗೆ ಥೀಸಿಸ್ ಕೊಡದಿದ್ದರೆ ನನ್ನ ರಿಜಿಸ್ಟ್ರೇಷನ್ ರದ್ದಾಗುತ್ತದೆ. ಇಷ್ಟು ವರ್ಷದ ಓಡಾಟ ಮಣ್ಣುಪಾಲು. ಗೈಡ್ ಈಗಲೂ ನೀವೇ, ಸರ್ಟಿಫಿಕೇಟಿಗೆ ಸಹಿ ನಿಮ್ಮದೇ ಬೇಕು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ಫಿರೋಜಾ


ರಾಮನಗರ
3 ಡಿಸೆಂಬರ್ 1983

ಫಿರೋಜಾ,

ನಿನ್ನ ಅಣ್ಣ ಬಂದು ಗಂಟು ಇಳಿಸಿ ಹೋದ. ಮಾದರಿಗಳನ್ನು ಹೂವಿನ ಚಿತ್ರದ ಬಟ್ಟೆಯಲ್ಲಿ ಚೀಲ ಹೊಲಿದು ತುಂಬಿದ್ದೀಯ. ಆರು ಕೋಟಿ ವರ್ಷದ ಹಿಂದಿನ ಮಣ್ಣಿಗೆ ಇದೇನು ಮದುವೆಯ ಸೀರೆಯೇ? ಮೇಲೆ ಬರೆದ ಅಕ್ಷರವಂತೂ ಕೋಳಿ ಕೆದರಿದಂತಿದೆ. ಯಾವ ಚೀಲ ಮೇಲಿನದು, ಯಾವುದು ಕೆಳಗಿನದು ಎಂದು ತಿಳಿಯುವುದರಲ್ಲಿ ನನ್ನ ಕನ್ನಡಕ ಮಂಜಾಯಿತು.

ನಾನಿಲ್ಲಿ ಎಂಥವರ ನಡುವೆ ಬಿದ್ದಿದ್ದೇನೆ ಎಂದು ನಿನಗೆ ತಿಳಿಯಲಿ. ಎದುರುಮನೆಯ ಕೆಂಚಯ್ಯ ರೇಷ್ಮೆಗೂಡಿನ ದಲ್ಲಾಳಿ. ಜಗಲಿಯ ಮೇಲೆ ನಿನ್ನ ಚೀಲಗಳನ್ನು ಕಂಡು ಬಂದ.

"ಏನ್ ಸಾ, ಇದ್ರಾಗೆ ಚಿನ್ನ ಐತಾ?"

ಇಲ್ಲ ಎಂದೆ.

"ಬೋರ್ ಹಾಕ್ಸಾಕೆ ನೀರು ಎಲ್ ಐತೆ ಅಂತ ಗೊತ್ತಾಯ್ತದಾ?"

ಇಲ್ಲ ಎಂದೆ.

"ಮತ್ಯಾಕ್ ಸಾ ಮನೆಯೊಳಿಕ್ಕೆ ಇಕ್ಕೊಂಡಿದ್ದೀರಾ? ಗೊಬ್ಬರದ ಗುಂಡಿಗೆ ಹಾಕಿದ್ರೆ ಒಸಿ ಮೇಲಾಯ್ತದೆ."

ಇದು ಈ ಊರಿನ ಬುದ್ಧಿವಂತ. ದಡ್ಡರ ಬಗ್ಗೆ ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ಈ ಕಾಗದ ಬರೆಯುವಾಗಲೂ ಹಿತ್ತಲಲ್ಲಿ ಟಕ ಟಕ ಸದ್ದು. ಚಿಕ್ಕಲಕ್ಷ್ಮಮ್ಮ ಕಲ್ಲು ಹೊಡೆಯುವವನನ್ನು ಕರೆದು ಒರಳುಕಲ್ಲಿಗೆ ಉಳಿ ಹೊಡೆಸುತ್ತಿದ್ದಾಳೆ. ಕಲ್ಲು ಸವೆದು ನುಣುಪಾಗಿ ಹಿಟ್ಟು ರುಬ್ಬುತ್ತಿಲ್ಲವಂತೆ. ಭೂಮಿಯ ಚರಿತ್ರೆ ಓದುವವನು ವರಾಂಡದಲ್ಲಿ, ಇಡ್ಲಿಯ ಚಿಂತೆ ಹಿತ್ತಲಲ್ಲಿ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಗೆದ್ದದ್ದು ಇಡ್ಲಿಯೇ.

ಮಾದರಿಗಳನ್ನು ನಾನೇ ಖುದ್ದಾಗಿ ಅಗೇಟ್ ಒರಳಿನಲ್ಲಿ ಅರೆಯುತ್ತೇನೆ. ಅಗೇಟ್ ಯಾಕೆ ಎಂದು ನಿನಗೆ ನೆನಪಿದೆಯೋ ಇಲ್ಲವೋ. ಗಟ್ಟಿ ಕಲ್ಲು, ಸವೆದು ತನ್ನ ಪುಡಿಯನ್ನು ಮಾದರಿಗೆ ಸೇರಿಸುವುದಿಲ್ಲ. ಈಗಿನವರು ಸಿಕ್ಕಿದ ಮಿಷನ್ನಿಗೆ ಹಾಕಿ ಕಬ್ಬಿಣದ ಪುಡಿಯನ್ನೂ ಸೇರಿಸಿ, ಆಮೇಲೆ ಕಬ್ಬಿಣದ ಅದಿರು ಸಿಕ್ಕಿತೆಂದು ಪೇಪರ್ ಬರೆಯುತ್ತಾರೆ. ಈ ಕೆಲಸವನ್ನು ಬೇರೊಬ್ಬರ ಕೈಗೆ ಕೊಡುವ ಗೈಡ್ ಗೈಡೇ ಅಲ್ಲ.

ನಿನ್ನ ಕೊಳದ ವಿಚಾರ ಈಗ ಬೇಡ. ಮನಸ್ಸು ಹೇಳುತ್ತದೆ ಎಂದು ಬರೆದಿದ್ದೀಯ. ಮನಸ್ಸು ಹೇಳುವುದನ್ನು ಕೇಳಲು ಜ್ಯೋತಿಷಿಗಳಿದ್ದಾರೆ.

ಬೋರಲಿಂಗಯ್ಯ


ರಾಮನಗರ
20 ಫೆಬ್ರವರಿ 1984

ಫಿರೋಜಾ,

ಕೂತು ಓದು. ನಿಂತು ಓದಿದರೆ ಬಿದ್ದುಹೋಗುತ್ತೀಯ.

ಎಕ್ಸ್-ರೇ ಚಾರ್ಟುಗಳು ಬಂದಿವೆ. ಮಾಂಟ್‌ಮೊರಿಲೊನೈಟ್ ಎಂಬ ಉಬ್ಬುವ ಜೇಡಿ ಧಾರಾಳವಾಗಿದೆ. ಲಾವಾ ಕಲ್ಲು ಕೊಳೆತರೆ ಅದೇ ಆಗುವುದು, ಅದನ್ನು ಹೇಳಲು ನೀನೂ ಬೇಡ ನಾನೂ ಬೇಡ. ಆದರೆ ಪ್ರತಿಯೊಂದು ಮಾದರಿಯಲ್ಲೂ ಜೇಡಿಯ ಜೊತೆಗೆ ಇನ್ನೆರಡು ಎದ್ದು ನಿಂತಿವೆ. ಒಂದು ಬೆಣಚು. ಇನ್ನೊಂದು ಮೈಕ್ರೋಕ್ಲೀನ್! ಗ್ರಾನೈಟ್ ಕಲ್ಲಿಗೆ ಗುಲಾಬಿ ಬಣ್ಣ ಕೊಡುವ ಹರಳು. ಲಾವಾ ಕಲ್ಲಿನಲ್ಲಿ ಅದು ಹುಟ್ಟುವುದೇ ಇಲ್ಲ. ನಮ್ಮ ರಾಮನಗರದ ಬೆಟ್ಟಗಳನ್ನು ಮುಟ್ಟಿದರೆ ಕೈಗೆ ಹತ್ತುತ್ತದಲ್ಲ, ಅದೇ.

ಅಲ್ಲಿಗೆ ನಿನ್ನ ಕೊಳದ ಕಥೆ ಮುಗಿಯಿತು. ಎರಡು ಲಾವಾಗಳ ನಡುವಿನ ಕಾಲದಲ್ಲಿ ಅಲ್ಲಿಗೆ ಒಂದು ಮಹಾನದಿ ಬರುತ್ತಿತ್ತು. ಇಲ್ಲಿಂದ ಬರುತ್ತಿತ್ತು. ಇಂದಿನ ಅರ್ಕಾವತಿ ದಕ್ಷಿಣಕ್ಕೆ ಹರಿದು ಕನಕಪುರದ ಆಚೆ ಕಾವೇರಿಗೆ ಬೀಳುತ್ತದೆ. ಅಂದು ಅದರ ಪೂರ್ವಜೆ ಉತ್ತರಕ್ಕೆ ಹರಿಯುತ್ತಿದ್ದಳು, ಮಾಗಡಿ ಸೀಮೆಯ, ರಾಮನಗರದ ಬೆಟ್ಟಗಳ ಮರಳನ್ನು ಹೊತ್ತು ನಿನ್ನ ಮೊಗಲಗಿಯ ತನಕ. ಅವಳಿಗೆ ಹೆಸರಿಟ್ಟಿದ್ದೇನೆ: ಆದಿ ಅರ್ಕಾವತಿ.

ಮೈಸೂರಿನ ಭೂವಿಜ್ಞಾನ ಸಮ್ಮೇಳನಕ್ಕೆ ಇದರ ಸಾರಾಂಶ ಕಳಿಸುತ್ತಿದ್ದೇನೆ. ಇಷ್ಟು ವರ್ಷ ಪಾಠ ಮಾಡಿದೆ. ನನ್ನ ನೋಟ್ಸು ಕದ್ದು ಓದಿದವರು ಡೈರೆಕ್ಟರುಗಳಾದರು, ಅವರಲ್ಲಿ ಅರ್ಧ ಜನಕ್ಕೆ ಬೆಣಚಿಗೂ ಬೆಲ್ಲಕ್ಕೂ ವ್ಯತ್ಯಾಸ ಗೊತ್ತಿಲ್ಲ. ನನ್ನ ಹೆಸರಿನಲ್ಲಿ ಒಂದು ಹರಳಿಲ್ಲ, ಒಂದು ಬಂಡೆಯಿಲ್ಲ. ಹೋಗಲಿ, ನದಿಯೊಂದು ಸಿಕ್ಕಿತು. ಅದನ್ನು ನಿನ್ನ ಥೀಸಿಸ್‌ನ ಕೊನೆಯ ಅಧ್ಯಾಯವಾಗಿ ಬರೆ. ಕೊಳವನ್ನು ಬಸವನಹುಳುಗಳಿಗೆ ಬಿಟ್ಟುಕೊಡು.

ಬೋರಲಿಂಗಯ್ಯ


ಗುಲ್ಬರ್ಗ
7 ಮಾರ್ಚ್ 1984

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದ ಓದಿ ಸಂತೋಷಪಡಬೇಕೆಂದು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ನನ್ನ ಬಳಿ ಉಳಿದಿದ್ದ ಜೇಡಿಯನ್ನು ನೀರಿಗೆ ಹಾಕಿ ಕದಡಿ, ಬಸಿದು, ತಳದಲ್ಲಿ ಉಳಿದದ್ದನ್ನು ಲೆನ್ಸಿನಲ್ಲಿ ನೋಡಿದೆ. ಚಿಪ್ಪಿನ ಚೂರು ಬಿಟ್ಟು ಏನೂ ಇಲ್ಲ. ಮರಳಿನ ಒಂದು ಕಾಳೂ ಇಲ್ಲ. ಅಷ್ಟು ದೂರದಿಂದ ನದಿ ಮರಳು ತಂದಿದ್ದರೆ ಕಾಳುಗಳು ಉರುಳಿ ಗುಂಡಗಾಗಿ ಕಣ್ಣಿಗೆ ಕಾಣಬೇಕಿತ್ತಲ್ಲವೇ? ಮೊಗಲಗಿಯ ಹೆಂಗಸರು ಈ ಮಣ್ಣಿನಲ್ಲಿ ತಲೆ ತೊಳೆಯುತ್ತಾರೆ. ನಾನೂ ತೊಳೆದು ನೋಡಿದೆ. ಬೆಣ್ಣೆಯ ಹಾಗಿದೆ, ಎಲ್ಲೂ ಗರಗರ ಎನ್ನುವುದಿಲ್ಲ.

ತಪ್ಪು ತಿಳಿಯಬೇಡಿ. ಅರೆಯುವಾಗ ಏನಾದರೂ ಬೆರೆತಿರಬಹುದೇ? ಒರಳನ್ನು ಆಸಿಡ್ಡಿನಲ್ಲಿ ತೊಳೆದಿತ್ತೇ? ಕೇಳುವುದು ನನ್ನ ಕೆಲಸ, ನೀವೇ ಕಲಿಸಿದ್ದು. ಸಾರಾಂಶವನ್ನು ಸದ್ಯಕ್ಕೆ ತಡೆಹಿಡಿದರೆ ಒಳ್ಳೆಯದು.

ಕಳೆದ ಸಲದ ಕಾಗದದಲ್ಲಿ ನಿಮ್ಮ ಅಕ್ಷರ ಅಲುಗಿದಂತಿತ್ತು. ರೈಲಿನಲ್ಲಿ ಕೂತು ಬರೆದಿರಾ?

ನಿಮ್ಮ ವಿದ್ಯಾರ್ಥಿನಿ,
ಫಿರೋಜಾ


ರಾಮನಗರ
19 ಮಾರ್ಚ್ 1984

ಫಿರೋಜಾ,

ತಲೆ ತೊಳೆದು ನೋಡಿದೆಯಂತೆ. ಬಹಳ ಸಂತೋಷ. ಬೆಂಗಳೂರಿನ ಎಕ್ಸ್-ರೇ ಯಂತ್ರವನ್ನು ಹಳೇ ಸಾಮಾನಿನವನಿಗೆ ಹಾಕಿ ಆ ಜಾಗದಲ್ಲಿ ಒಂದು ಬಚ್ಚಲುಮನೆ ಕಟ್ಟಿಸಲು ಹೇಳುತ್ತೇನೆ. ಮುಂದಿನ ಬ್ಯಾಚಿನ ಹುಡುಗಿಯರೆಲ್ಲ ಎಣ್ಣೆಸ್ನಾನ ಮಾಡಿಕೊಂಡು ಡಾಕ್ಟರೇಟ್ ತೆಗೆದುಕೊಳ್ಳಲಿ.

ಅರೆದದ್ದು ಯಾರು, ಹೇಗೆ ಎಂದು ನನ್ನನ್ನೇ ಕೇಳುವಷ್ಟು ದೊಡ್ಡವಳಾದೆ. ಆಗಲೇ ಬರೆದಿದ್ದೇನೆ: ನಾನೇ, ಅಗೇಟ್ ಒರಳಿನಲ್ಲಿ. ಎರಡನೆಯ ಸಲ ಕೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ನನ್ನ ಅಕ್ಷರದ ಗೊಡವೆಯೂ ನಿನಗೆ ಬೇಡ.

ಇದು ನಿನ್ನ ಬುದ್ಧಿಯಲ್ಲ. ನನಗೆ ಗೊತ್ತು, ಇದು ಮುನಿಶಾಮಯ್ಯನ ಬುದ್ಧಿ. ಅವನು ಈಗ ನಿನ್ನ ಗುಲ್ಬರ್ಗದಲ್ಲೇ ಯೂನಿವರ್ಸಿಟಿಯ ದೊಡ್ಡ ಕುರ್ಚಿಯ ಮೇಲಿದ್ದಾನಲ್ಲ. ನನ್ನ ಜೊತೆ ಓದಿದವನು. ಮೂರು ವರ್ಷ ನನ್ನ ರೆಕಾರ್ಡ್ ಬುಕ್ಕಿನಲ್ಲಿ ನೋಡಿಕೊಂಡು ಚಿತ್ರ ಬರೆದ, ಅದರಲ್ಲೂ ಉತ್ತರ ದಿಕ್ಕಿನ ಬಾಣವನ್ನು ತಲೆಕೆಳಗು ಹಾಕಿದ. ಅವನು ಕೊಳ ಎಂದರೆ ಕೊಳ, ನಾನು ನದಿ ಎಂದರೆ ಕಸ! ಅವನ ಕೈಕೆಳಗೆ ಕೆಲಸ ಖಾಯಂ ಮಾಡಿಕೊಳ್ಳುವ ಆಸೆ ಇದ್ದರೆ ನೇರವಾಗಿ ಹೇಳು. ಜೇಡಿಮಣ್ಣಿನ ಹಿಂದೆ ಅವಿತುಕೊಳ್ಳಬೇಡ.

ಸಾರಾಂಶ ಅಚ್ಚಿಗೆ ಹೋಗಿದೆ. ನದಿ ಇಲ್ಲದ ಥೀಸಿಸ್‌ಗೆ ನನ್ನ ಸಹಿ ಇಲ್ಲ. ಸೆಪ್ಟೆಂಬರ್ ದೂರವಿಲ್ಲ.

ಬೋರಲಿಂಗಯ್ಯ


ಚನ್ನಪಟ್ಟಣ
22 ಮೇ 1984

ಮೇಷ್ಟ್ರಿಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಮುನಿಶಾಮಯ್ಯನವರ ಜೊತೆ ಸೇರಿ ಸಂಚು ಮಾಡುತ್ತಿದ್ದೇನೆ ಎಂದುಕೊಂಡಿರಬಹುದು. ನಿಜ ಹೇಳಬೇಕೆಂದರೆ ನದಿಯ ಅಧ್ಯಾಯ ಬರೆಯಲು ಕೂತಿದ್ದೆ. ಸಹಿ ಬೇಕಿತ್ತು. ಎರಡು ಪುಟ ಬರೆದು ಹರಿದೆ, ಮತ್ತೆ ಬರೆದೆ. ನಾನು ಕಾಣದ ನದಿಗೆ ದಡ ಕಟ್ಟುವುದು ನನ್ನಿಂದ ಆಗಲಿಲ್ಲ. ರಜೆಗೆ ಊರಿಗೆ ಬಂದವಳು, ಕಾಲು ಹಿಡಿದಾದರೂ ಸಹಿ ಕೇಳೋಣ ಎಂದು ನಿನ್ನೆ ನಿಮ್ಮ ಮನೆಗೆ ಹೋದೆ.

ನೀವು ಇರಲಿಲ್ಲ. ಸಾರಾಂಶದ ಅಚ್ಚು ತಿದ್ದಲು ಬೆಂಗಳೂರಿಗೆ ಹೋಗಿದ್ದಿರಂತೆ. ಅಮ್ಮ ಒಳಗೆ ಕರೆದು ಕೂರಿಸಿದರು. ಇಡ್ಲಿ ಕೊಟ್ಟರು. ಆಮೇಲೆ ನಡೆದದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ನಿಮ್ಮ ಮನೆಯ ಮಾತು ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

"ಅದ್ಯಾಕವ್ವ ಮುಖ ಸಪ್ಪಗೆ ಮಾಡ್ಕಂಡಿದ್ದೀಯೆ? ಇನ್ನೂ ಮಣ್ಣು ತಂದಿದ್ದೀಯಾ ಏನು? ತಂದಿದ್ರೆ ಈಗ್ಲೇ ಯೋಳ್ಬುಡು. ಈ ಸಲ ನನ್ ಕೈಲಿ ಆಗಾಕಿಲ್ಲ."

"ಅರೆದದ್ದು ಮೇಷ್ಟ್ರಲ್ಲವೇ ಅಮ್ಮ?" ಎಂದೆ.

"ಅವ್ರಾ? ಅವ್ರು ಕುರ್ಚಿ ಮ್ಯಾಲೆ ಕುಂತ್ಕಂಡು ನುಣ್ಣಗೆ ಮಾಡು ಅಂದ್ರು. ಒಂದು ಪುಟಾಣಿ ಕಲ್ಲು ಕೊಟ್ರು ನೋಡು, ಅದ್ರಾಗೆ ಒಂದು ಮೆಣಸಿನ್ಕಾಯಿ ಅರಿಯಾಕಾಗಾಕಿಲ್ಲ. ಆಗ್ತಾನೆ ಒರಳಿಗೆ ಉಳಿ ಹೊಡ್ಸಿದ್ದೆ. ಹೊಸ್ದಾಗಿ ಉಳಿ ಬಿದ್ದ ಒರಳ್ನಾಗೆ ಮೊದ್ಲು ತವುಡು ಹಾಕಿ ರುಬ್ಬಿ ಚೆಲ್ಬೇಕು ಕಣವ್ವ. ಇಲ್ದಿದ್ರೆ ಕಲ್ಲಿನ ಪುಡಿ ಬುಡ್ತದೆ, ಇಡ್ಲಿ ತಿಂದ್ರೆ ಹಲ್ಲು ಕಟಕಟ ಅಂತದೆ. ತವುಡು ಯಾಕ್ ದಂಡ ಮಾಡ್ಲಿ, ಎಂಗಿದ್ರೂ ಮಣ್ಣು ತಾನೆ ಅಂತ ನಿನ್ ಮಣ್ಣೇ ಹಾಕಿ ತಿರುಗ್ಸ್ದೆ. ನೀರು ಹಾಕ್ಬ್ಯಾಡ ಅಂದಿದ್ರು, ಒಣಗಿದ್ದನ್ನೇ ತಿರುಗ್ಸಿ ರಟ್ಟೆ ಬಿದ್ದೋದ್ವು. ಆಮ್ಯಾಕೆ ನೋಡು, ಇಡ್ಲಿ ಹೂವಿನಂಗೆ ಬಂದ್ವು."

ಇಡ್ಲಿಯ ತಟ್ಟೆ ಕೆಳಗಿಟ್ಟೆ. ಎದ್ದು ಹಿತ್ತಲಿಗೆ ಹೋದೆ. ಒರಳಿನ ಗುಳಿಗೆ ಲೆನ್ಸ್ ಹಿಡಿದೆ. ಗುಲಾಬಿ ಬಣ್ಣದ ಹರಳುಗಳು ಸಾಲಾಗಿ ಹೊಳೆಯುತ್ತಿದ್ದವು, ಪಕ್ಕದಲ್ಲಿ ಬೆಣಚು. ರಾಮನಗರದ ಬೆಟ್ಟದ ಕಲ್ಲಲ್ಲದೆ ಇನ್ನಾವ ಕಲ್ಲಿನಲ್ಲಿ ಒರಳು ಕಡೆಯುತ್ತಾರೆ ಈ ಊರಿನಲ್ಲಿ? ನಿಮ್ಮ ಮಹಾನದಿಯ ಉಗಮಸ್ಥಾನ ಸಿಕ್ಕಿತು ಮೇಷ್ಟ್ರೇ. ನುಗ್ಗೆಮರದ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಆದಿ ಅರ್ಕಾವತಿ ಅಲ್ಲಿ ಹುಟ್ಟಿ ಅಡುಗೆಮನೆಯ ಬಾಗಿಲಿನ ತನಕ ಹರಿದಿದ್ದಾಳೆ. ಅದಕ್ಕಿಂತ ಮುಂದೆ ಹೋದದ್ದಕ್ಕೆ ಆಧಾರವಿಲ್ಲ.

ಅಗೇಟ್ ಒರಳನ್ನೂ ನೋಡಿದೆ. ಕಿಟಕಿಯ ಮೇಲಿದೆ. ಅದರಲ್ಲಿ ಸೇಫ್ಟಿ ಪಿನ್ನು, ಕೋಟಿನ ಗುಂಡಿಗಳು ಇವೆ.

ಅಮ್ಮನನ್ನು ಬೈಯಬೇಡಿ. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದ್ದಾರೆ. "ನಾನೇ ಖುದ್ದಾಗಿ" ಎಂದು ಬರೆದವರು ನೀವು. ಒಂದಲ್ಲ, ಎರಡು ಸಲ. ಬೇರೊಬ್ಬರ ಕೈಗೆ ಕೊಡುವ ಗೈಡ್ ಗೈಡೇ ಅಲ್ಲ ಎಂದವರೂ ನೀವೇ. ಕ್ಲಾಸಿನಲ್ಲಿ ನಾನು ಬರೆದ ಚಿತ್ರವನ್ನು ಎತ್ತಿ ಹಿಡಿದು ಇಡೀ ಬ್ಯಾಚನ್ನು ನಗಿಸುತ್ತಿದ್ದಿರಿ. ಆಗ ಮನೆಗೆ ಹೋಗಿ ಅತ್ತರೂ, ನಗುವ ಅರ್ಹತೆ ಈ ಮನುಷ್ಯನಿಗೆ ಇದೆ ಎಂದುಕೊಳ್ಳುತ್ತಿದ್ದೆ. ಈಗ ನಿಮ್ಮ ಮೇಲೆ ಕೋಪ ಕೂಡ ಬರುತ್ತಿಲ್ಲ. ಕೋಪ ಬರಲು ಸ್ವಲ್ಪ ಮರ್ಯಾದೆ ಉಳಿದಿರಬೇಕು.

ಸಹಿ ಮಾಡುತ್ತೀರೋ ಇಲ್ಲವೋ ತಿಳಿಸಿ. ಇಲ್ಲವಾದರೆ ಈ ಕಾಗದದ ನಕಲನ್ನೇ ಯೂನಿವರ್ಸಿಟಿಗೆ ಕಳಿಸಿ ಗೈಡ್ ಬದಲಾಯಿಸಲು ಕೇಳುತ್ತೇನೆ. ಒರಳಿನ ಚಿತ್ರವನ್ನೂ ಬರೆದು ಲಗತ್ತಿಸುತ್ತೇನೆ, ಉತ್ತರ ದಿಕ್ಕಿನ ಬಾಣದ ಸಮೇತ.

ಫಿರೋಜಾ


ಗುಲ್ಬರ್ಗ
9 ಆಗಸ್ಟ್ 1984

ಮೇಷ್ಟ್ರಿಗೆ,

ನಿಮ್ಮ ಕವರು ತಲುಪಿತು. ಒಳಗೆ ಕಾಗದ ಇಲ್ಲದ್ದನ್ನು ಕಂಡು ಕವರನ್ನು ಹರಿದು ಬಿಡಿಸಿ ನೋಡಿದೆ. ಸಹಿ ಮಾಡಿದ ಸರ್ಟಿಫಿಕೇಟು, ಚೀಲಗಳಲ್ಲಿ ಉಳಿದಿದ್ದ ಮಣ್ಣಿನ ಹೊಸ ಎಕ್ಸ್-ರೇ ಚಾರ್ಟು. ಅಷ್ಟೇ.

ಚಾರ್ಟಿನಲ್ಲಿ ಜೇಡಿ ಇದೆ, ಚಿಪ್ಪಿನ ಸುಣ್ಣ ಇದೆ. ಮೈಕ್ರೋಕ್ಲೀನ್ ಗೆರೆ ಎದ್ದಿದ್ದ ಜಾಗ ಚಪ್ಪಟೆಯಾಗಿದೆ, ಬೆಣಚೂ ಇಲ್ಲ. ಅಂಚಿನಲ್ಲಿ ನೀವು ಬರೆದದ್ದನ್ನು ಓದಲು ಸ್ವಲ್ಪ ಹೊತ್ತು ಹಿಡಿಯಿತು: "ಅಗೇಟ್. ನಾನೇ."

ಈ ಸಲ ನಂಬುತ್ತೇನೆ. ಥೀಸಿಸ್ ಟೈಪಿಗೆ ಕೊಟ್ಟಿದ್ದೇನೆ, ಗಡುವಿನೊಳಗೆ ಸಲ್ಲಿಸುತ್ತೇನೆ. ನಿಂತ ನೀರಿನ ಕೊಳ ಎಂದೇ ಬರೆದಿದ್ದೇನೆ. ನಿಮ್ಮ ಸಾರಾಂಶ ಮಾತ್ರ ಪುಸ್ತಕದಲ್ಲಿ ಅಚ್ಚಾಗಿ ಬಂದಿದೆ, ನೋಡಿದೆ. ಸಮ್ಮೇಳನಕ್ಕೆ ನೀವು ಹೋಗಲಿಲ್ಲ ಎಂದು ತಿಳಿಯಿತು.

ಸಹಿಗಾಗಿ ವಂದನೆಗಳು.

ಫಿರೋಜಾ


ಗುಲ್ಬರ್ಗ
18 ಜನವರಿ 1985

ಮೇಷ್ಟ್ರಿಗೆ,

ನಿಮ್ಮಿಂದ ಉತ್ತರವಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ.

ಮೊನ್ನೆ ನನ್ನ ವೈವಾ ಆಯಿತು. ಡಾಕ್ಟರೇಟ್ ಬಂತು. ಬರುವಿರೇನೋ ಎಂದು ಬಾಗಿಲ ಪಕ್ಕದ ಕುರ್ಚಿ ಖಾಲಿ ಬಿಡಿಸಿದ್ದೆ.

ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ಕೇಳಿ ಮುಗಿಸಿ ಕೊನೆಗೆ ಆ ಸಾರಾಂಶದ ಪುಸ್ತಕ ತೆರೆದರು. "ನಿಮ್ಮ ಗೈಡೇ ಇದೇ ಪದರದಲ್ಲಿ ಗ್ರಾನೈಟ್ ಮರಳು ಕಂಡಿದ್ದಾರಲ್ಲ, ಆದಿ ಅರ್ಕಾವತಿ ಎಂದು. ನಿಮ್ಮ ಥೀಸಿಸ್‌ನಲ್ಲಿ ಅದರ ಸುದ್ದಿಯೇ ಇಲ್ಲ?" ಎಂದರು. ಅರೆಯುವಾಗ ಬೆರೆತ ಕಲ್ಲು ಎಂದು ಒಂದು ಮಾತಿನಲ್ಲಿ ಹೇಳಿ ಕೂರಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಇಡೀ ಕಥೆ ಹೇಳಿದೆ. ಉಳಿ ಹೊಡೆದದ್ದು, ತವುಡು ಉಳಿಸಿದ್ದು, ಹೂವಿನಂಥ ಇಡ್ಲಿ. ಅಮ್ಮನ ದನಿಯಲ್ಲಿ ಅಮ್ಮನ ಮಾತು, ನಿಮ್ಮ ದನಿಯಲ್ಲಿ "ನಾನೇ ಖುದ್ದಾಗಿ". ನಾನು ಇಷ್ಟು ಚೆನ್ನಾಗಿ ಅಣಕಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು. ಮುನಿಶಾಮಯ್ಯನವರು ನಕ್ಕು ನಕ್ಕು ಮೈಮೇಲೆ ಟೀ ಚೆಲ್ಲಿಕೊಂಡರು. ಪರೀಕ್ಷಕರು ಕಣ್ಣೊರೆಸಿಕೊಂಡರು. ನಾನೂ ನಕ್ಕೆ.

ನಗುತ್ತಿರುವಾಗ ನನ್ನ ಕೈಯಲ್ಲಿ ನಿಮ್ಮ ಹೊಸ ಚಾರ್ಟು ಇತ್ತು. ಅಂಚಿನ ಆ ಎರಡು ಪದಗಳ ಮೇಲೆ ಕಣ್ಣು ಬಿತ್ತು.

ಅಮ್ಮ ಆ ದಿನ ಇನ್ನೊಂದು ಮಾತನ್ನೂ ಹೇಳಿದ್ದರು. ಬಾಗಿಲ ತನಕ ಬಂದು, ದನಿ ತಗ್ಗಿಸಿ ಹೇಳಿದ್ದರು. "ಅವ್ರ ಕೈ ನಡುಗ್ತವೆ ಕಣವ್ವ. ಲೋಟ ಹಿಡ್ಕಳಾಕೂ ಆಗಾಕಿಲ್ಲ ಒಂದೊಂದ್ ದಿನ. ಯಾರ್ಗೂ ಯೋಳ್ಬ್ಯಾಡ ಅಂದವ್ರೆ." ಮೇ ತಿಂಗಳ ಕಾಗದದಲ್ಲಿ ಅದನ್ನು ನಾನು ಬೇಕೆಂದೇ ಬರೆಯಲಿಲ್ಲ. ಬರೆದಿದ್ದರೆ ಅಷ್ಟು ಕಟುವಾಗಿ ಬರೆಯಲು ಆಗುತ್ತಿರಲಿಲ್ಲ. ವೈವಾದಲ್ಲೂ ಹೇಳಲಿಲ್ಲ. ಹೇಳಿದ್ದರೆ ಅವರು ನಗುತ್ತಿರಲಿಲ್ಲ. ನಗಿಸುವುದು ನನಗೆ ಬೇಕಿತ್ತು.

ಆ ಕೈಯಲ್ಲಿ, ಅಂಗೈಯಗಲದ ಆ ಒರಳಿನಲ್ಲಿ, ಅಷ್ಟು ಮಣ್ಣನ್ನು ನುಣ್ಣಗೆ ಅರೆಯಲು ನಿಮಗೆ ಎಷ್ಟು ಕಷ್ಟವಾಯಿತೋ ಗೊತ್ತಿಲ್ಲ. ಆ ಪುಡಿಯಲ್ಲಿ ನಿಮ್ಮ ನದಿಯೇ ಹೋಯಿತು. ಅದು ಗೊತ್ತಿದ್ದೇ ನೀವು ಅರೆದಿರಿ.

ನನಗೆ ನನ್ನ ಮೇಲೆ ಹೇಸಿಗೆಯಾಗಿದೆ ಮೇಷ್ಟ್ರೇ. ಅಲ್ಲಿ ಕೇಳಿಸಿದ್ದು ನಿಮ್ಮದೇ ನಗು, ನನ್ನ ಬಾಯಿಂದ. ಮೊಗಲಗಿಯ ಆಚೆ ಇನ್ನೊಂದು ಗುಡ್ಡವಿದೆ. ಅಲ್ಲೂ ಲಾವಾಗಳ ನಡುವೆ ಇಂಥದೇ ಪದರ, ಬಣ್ಣ ಮಾತ್ರ ಕೆಂಪು. ಕೆಲಸ ಶುರುಮಾಡಬೇಕೆಂದಿದ್ದೇನೆ. ಇನ್ನು ನಿಮ್ಮ ಸಹಿ ನನಗೆ ಬೇಕಾಗಿಲ್ಲ. ಆದರೂ ಆ ಮಣ್ಣನ್ನು ಯಾರಿಗೆ ತೋರಿಸಲಿ ಎಂದು ಯೋಚಿಸಿದಾಗ ಬೇರೆ ಯಾರ ಹೆಸರೂ ಹೊಳೆಯುತ್ತಿಲ್ಲ.

ಫಿರೋಜಾ


ರಾಮನಗರ
2 ಫೆಬ್ರವರಿ 1985

ಡಾ. ಫಿರೋಜಾ,

ಡಾಕ್ಟರ್ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದಿದ್ದೇನೆ, ಖರ್ಚಿಲ್ಲವಲ್ಲ. ಕೆಂಚಯ್ಯನಿಗೆ ಹೇಳಿದೆ. "ಔದಾ ಸಾ, ಸೂಜಿ ಹಾಕ್ತಾರಾ?" ಎಂದ.

ನಕ್ಕವರ ಹೆಸರು ಬರೆದು ಕಳಿಸು. ಪರೀಕ್ಷಕನಿಂದ ಹಿಡಿದು ಟೀ ಚೆಲ್ಲಿಕೊಂಡವನ ತನಕ. ಅವರಲ್ಲಿ ಒಬ್ಬನೂ ತನ್ನ ಮಾದರಿಯನ್ನು ತಾನು ಅರೆದವನಲ್ಲ ಎಂದು ಬೆಟ್ಟ ಮುಟ್ಟಿ ಹೇಳುತ್ತೇನೆ. ಮುನಿಶಾಮಯ್ಯ ಎಂ.ಎಸ್ಸಿ.ಗೆ ಕೊಟ್ಟ ಪುಡಿ ಅಟೆಂಡರ್ ಗಫಾರ್ ಅರೆದದ್ದು. ಅದನ್ನೂ ಜರಡಿ ಹಿಡಿಯದೆ ಕೊಟ್ಟಿದ್ದ. ಅವನು ನಗಬಾರದು. ನೀನು ನಗಬಹುದು. ನೀನು ಬಾವಿಗೆ ಇಳಿದವಳು.

ನನ್ನ ಕೈಯ ಬಗ್ಗೆ ಏನೋ ಬರೆದಿದ್ದೀಯಂತೆ. ಓದಲಾಗಲಿಲ್ಲ, ಆ ಸಾಲಿನ ಮೇಲೆ ಕಾಫಿ ಚೆಲ್ಲಿತ್ತು.

ಸಮ್ಮೇಳನದವರಿಗೆ ಸಾರಾಂಶ ತಪ್ಪು ಎಂದು ಬರೆದು ಹಾಕಿದ್ದೇನೆ. ತಮ್ಮ ಪತ್ರಿಕೆಯ ಬರುವ ಸಂಚಿಕೆಯಲ್ಲಿ ಒಂದು ಸಾಲು ಅಚ್ಚು ಹಾಕುತ್ತಾರಂತೆ. ನದಿ ಹೋದರೂ ಆ ಒಂದು ಸಾಲು ನನ್ನ ಹೆಸರಿನಲ್ಲಿ ಉಳಿಯುತ್ತದೆ.

ಕೆಂಪು ಪದರ ಎಂದು ಬರೆದಿದ್ದೀಯ. ಕೆಂಪು ಎಂದರೆ ಎಂಥ ಕೆಂಪು? ಹೆಂಚಿನ ಕೆಂಪೋ ಕುಂಕುಮದ ಕೆಂಪೋ? ಮೇಲಿನ ಲಾವಾದ ಬಿಸಿಗೆ ಸುಟ್ಟು ಕೆಂಪಾದದ್ದೋ, ಮೊದಲೇ ಕೆಂಪಿದ್ದದ್ದೋ? ಇಷ್ಟೂ ನೋಡದೆ ಬಂದವಳಿಗೆ ಡಾಕ್ಟರೇಟ್ ಕೊಟ್ಟಿದ್ದಾರೆ. ಮೇಲಿನಿಂದ ಕೆಳಗಿನ ತನಕ ಮಾದರಿ ತೆಗೆದು ಕಳಿಸು. ಹೂವಿನ ಚೀಲ ಬೇಡ. ಪುಡಿ ಮಾಡಲು ನಿಧಾನವಾಗುತ್ತದೆ, ಆತುರ ಮಾಡಬೇಡ.

ಒಂದು ಮಾತು. ರಿಜಿಸ್ಟರ್ ಪೋಸ್ಟಿನಲ್ಲಿ ನನ್ನ ಹೆಸರಿಗೇ ಕಳಿಸು, ನನ್ನ ಕೈಗೇ ಕೊಡಬೇಕೆಂದು ಮೇಲೆ ಬರೆ. ಚಿಕ್ಕಲಕ್ಷ್ಮಮ್ಮ ನಿನ್ನೆ ಮತ್ತೆ ಒರಳಿಗೆ ಉಳಿ ಹೊಡೆಸಿದ್ದಾಳೆ. ಮಣ್ಣು ಯಾವಾಗ ಬರುತ್ತದೆ ಎಂದು ಬೆಳಗ್ಗೆಯಿಂದ ಕೇಳುತ್ತಿದ್ದಾಳೆ.

ಬೋರಲಿಂಗಯ್ಯ